ಕಣ್ಣಿಗೆ ಕಟ್ಟಿದ ಬೀದಿ: ಚಟ ಬಿಡಿಸಲು ವರ್ಚುವಲ್ ರಿಯಾಲಿಟಿ

ಭತ್ತದ ಸುಗ್ಗಿಯಲ್ಲಿ ಕೊಪ್ಪಳ ಜಿಲ್ಲೆಯ ಕಾರಟಗಿಯ ರೈಸ್ ಮಿಲ್ಲುಗಳ ಮುಂದೆ ನಿಂತ ಟ್ರ್ಯಾಕ್ಟರು, ಲಾರಿಗಳ ಸಾಲು ಕರಗುವ ಹೊತ್ತಿಗೆ ಕತ್ತಲಾಗಿರುತ್ತದೆ. ದಿನವಿಡೀ ಚೀಲ ಹೊತ್ತ ಹಮಾಲರು ಟವೆಲ್ಲಿನಿಂದ ಮೈಮೇಲಿನ ಧೂಳು ಕೊಡವಿ, ಬಟವಾಡೆಯ ಹಣ ಎಣಿಸಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ದಾರಿಯಲ್ಲಿ ಮಿರ್ಚಿ ಕರಿಯುವ ಬಂಡಿ, ಅದರಾಚೆ ಮದ್ಯದಂಗಡಿಯ ದೀಪ, ಬಾಗಿಲಲ್ಲಿ ಪರಿಚಿತ ಮುಖಗಳು, 'ಬಾರಲೇ ದೋಸ್ತ, ಒಂದ್ ನಿಮಿಷ' ಎನ್ನುವ ಕರೆ. ಕುಡಿತ ಬಿಟ್ಟು ತಿಂಗಳಾದವರಿಗೂ ಇಲ್ಲಿಗೆ ಬಂದಾಗ ಬಾಯಿ ಒಣಗುತ್ತದೆ, ಎದೆಬಡಿತ ಏರುತ್ತದೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಚಟ ಬಿಡಿಸುವ ಕೇಂದ್ರದಿಂದ ಮರಳಿದವರ ಮನೆಗಳಲ್ಲಿ ಕೇಳಿಬರುವ ಮಾತು ಬಹುತೇಕ ಒಂದೇ: 'ಅಲ್ಲಿದ್ದಾಗ ಚಲೋ ಇದ್ದ, ಊರಿಗೆ ಬಂದ ಮ್ಯಾಲೆ ಮತ್ತ ಶುರು ಮಾಡಿದ.' ಮನೆಯವರು ಇದನ್ನು ದೂರಿನಂತೆ ಹೇಳುತ್ತಾರೆ. ಆದರೆ ವ್ಯಸನದ ಬಗ್ಗೆ ವಿಜ್ಞಾನ ಕಂಡುಕೊಂಡಿರುವ ಒಂದು ಮುಖ್ಯ ಸಂಗತಿಯೂ ಇದೇ. ಆಸ್ಪತ್ರೆಯಲ್ಲಿ ಆ ಬೀದಿ ಇಲ್ಲ, ಆ ಬೀದಿಯಲ್ಲಿ ಡಾಕ್ಟರಿಲ್ಲ. ಇವೆರಡನ್ನೂ ಒಂದೇ ಕೋಣೆಗೆ ತರಲು ಹೊರಟಿರುವ ವಿಧಾನವೇ ವರ್ಚುವಲ್ ರಿಯಾಲಿಟಿ ಚಿಕಿತ್ಸೆ, ಚಿಕ್ಕದಾಗಿ ವಿಆರ್ ಚಿಕಿತ್ಸೆ.

ಚಟ ಅಡಗಿ ಕೂರುವ ಜಾಗ

ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ನಾಯಿಯ ಕಥೆ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ರಷ್ಯಾದ ಇವಾನ್ ಪಾವ್ಲೋವ್ ತೋರಿಸಿಕೊಟ್ಟ ಆ ನಿಯಮ ಮನುಷ್ಯರ ಚಟಕ್ಕೂ ಅನ್ವಯಿಸುತ್ತದೆ. ವರ್ಷಗಟ್ಟಲೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಅದೇ ಗೆಳೆಯರೊಂದಿಗೆ ಕುಡಿದವರ ಮಿದುಳಿನಲ್ಲಿ ಆ ಹೊತ್ತು, ಜಾಗ, ಮುಖಗಳೆಲ್ಲ ಮದ್ಯದ ಕುರುಹುಗಳಾಗಿ ದಾಖಲಾಗುತ್ತವೆ.

1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದರ ಒಳಗುಟ್ಟನ್ನು ಬಿಡಿಸಿದವು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋತಿಯ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುವ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುನ್ನ ದೀಪವೊಂದು ಹೊತ್ತಿಕೊಳ್ಳುತ್ತದೆ ಎಂಬುದು ರೂಢಿಯಾದ ಮೇಲೆ ಆ ಮಿಡಿತ ದೀಪಕ್ಕೇ ಬರತೊಡಗಿತು. ರಸ ಸಿಕ್ಕಾಗ ಹೊಸದೇನೂ ಆಗುತ್ತಿರಲಿಲ್ಲ. ಮದ್ಯದಂಗಡಿಯ ದೀಪ ಕಂಡೊಡನೆ ಮೈ ಚುರುಕಾಗುವುದರ ಹಿಂದೆ ಇರುವುದೂ ಇದೇ. ಒಂದು ಗುಟುಕೂ ಒಳಗೆ ಹೋಗುವ ಮೊದಲೇ ಮಿದುಳು ಅದಕ್ಕೆ ಅಣಿಯಾಗಿರುತ್ತದೆ. ಇದನ್ನು ಬರೀ ಮನಸ್ಸಿನ ದೌರ್ಬಲ್ಯ ಎಂದು ಬೈದು ಬಿಟ್ಟರೆ ಯಾರಿಗೂ ಪ್ರಯೋಜನವಿಲ್ಲ.

ಜಾಗಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ದೊಡ್ಡ ಸಾಕ್ಷಿ ವಿಯೆಟ್ನಾಂ ಯುದ್ಧದಿಂದ ಬಂತು. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರು ಹೆರಾಯಿನ್ ಮುಂತಾದ ಅಫೀಮು ಮೂಲದ ಮಾದಕಗಳಿಗೆ ದಾಸರಾಗಿದ್ದರು. ಇವರೆಲ್ಲ ಮರಳಿದರೆ ದೇಶದ ಗತಿಯೇನು ಎಂದು ಸರ್ಕಾರ ಕಂಗಾಲಾಗಿತ್ತು. 1971ರಲ್ಲಿ ಮರಳಿದವರನ್ನು ಬೆನ್ನುಹತ್ತಿ ಅಧ್ಯಯನ ಮಾಡಿದ ಸಂಶೋಧಕಿ ಲೀ ರಾಬಿನ್ಸ್ ಕಂಡದ್ದು ಬೇರೆಯೇ ಚಿತ್ರ. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಯುದ್ಧದ ಭಯ, ಸುಲಭವಾಗಿ ಸಿಗುತ್ತಿದ್ದ ಮಾದಕ, ಜೊತೆಗಾರರು, ಆ ಪರಿಸರ ಎಲ್ಲವೂ ಸಾಗರದಾಚೆ ಉಳಿದಿದ್ದವು.

ಕಾರಟಗಿಯ ಕೂಲಿಕಾರನ ಪಾಲಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸೈನಿಕರು ಚಟದ ಜಾಗ ಬಿಟ್ಟು ಊರಿಗೆ ಬಂದರು. ಈತ ಚಿಕಿತ್ಸೆ ಮುಗಿಸಿ ಚಟದ ಜಾಗಕ್ಕೇ ಬರುತ್ತಾನೆ. ಹೊಲ, ಮಿಲ್ಲು, ಮನೆ, ಮದ್ಯದಂಗಡಿ ಎಲ್ಲ ಇರುವುದು ಒಂದೇ ಬೀದಿಯ ಆಸುಪಾಸಿನಲ್ಲಿ. ಊರು ಬಿಡು ಎಂದು ಯಾರೂ ಹೇಳುವಂತಿಲ್ಲ. ಹಾಗಾಗಿ ಆ ಬೀದಿಯಲ್ಲಿ ನಡೆಯುವುದನ್ನೇ ಆತ ಹೊಸದಾಗಿ ಕಲಿಯಬೇಕು.

ಹೆಡ್‌ಸೆಟ್ ಮಾಡುವ ಕೆಲಸ

ಮೋಟರ್ ಸೈಕಲ್ ಸವಾರರ ದಪ್ಪ ಕನ್ನಡಕಕ್ಕಿಂತ ತುಸು ದೊಡ್ಡದಾದ ಹೆಡ್‌ಸೆಟ್ಟನ್ನು ತಲೆಗೆ ಪಟ್ಟಿಯಿಂದ ಕಟ್ಟಲಾಗುತ್ತದೆ. ಒಳಗಿನ ಪರದೆ ಎರಡು ಕಣ್ಣುಗಳಿಗೆ ಕೊಂಚ ಭಿನ್ನವಾದ ಎರಡು ಚಿತ್ರಗಳನ್ನು ತೋರಿಸುತ್ತದೆ. ಮಿದುಳು ಅವನ್ನು ಬೆಸೆದು ಆಳವಿರುವ ಒಂದೇ ದೃಶ್ಯವಾಗಿ ಕಾಣುತ್ತದೆ. ತಲೆ ತಿರುಗಿಸಿದರೆ ಒಳಗಿನ ಸಂವೇದಕಗಳು ಆ ಚಲನೆಯನ್ನು ಅಳೆದು ದೃಶ್ಯವನ್ನೂ ಅಷ್ಟೇ ತಿರುಗಿಸುತ್ತವೆ. ಎಡಕ್ಕೆ ನೋಡಿದರೆ ಎಡಗಡೆಯ ಅಂಗಡಿ, ಹಿಂದೆ ತಿರುಗಿದರೆ ಬಂದ ದಾರಿ. ಚಿತ್ರ ಸೆಕೆಂಡಿಗೆ ಎಪ್ಪತ್ತಕ್ಕೂ ಹೆಚ್ಚು ಸಲ ಹೊಸದಾಗುತ್ತದೆ. ತಲೆಯ ಚಲನೆಗೂ ದೃಶ್ಯಕ್ಕೂ ನಡುವೆ ಸ್ವಲ್ಪ ತಡವಾದರೂ ತಲೆಸುತ್ತು, ವಾಕರಿಕೆ ಬರುತ್ತದೆ.

ಸಿನಿಮಾ ಪರದೆಯನ್ನು ಪ್ರೇಕ್ಷಕ ಹೊರಗೆ ಕೂತು ನೋಡುತ್ತಾನೆ. ಇಲ್ಲಿ ಆತ ದೃಶ್ಯದ ನಡುವೆಯೇ ಇರುತ್ತಾನೆ. ಇದೆಲ್ಲ ಸುಳ್ಳು ಎಂದು ಬುದ್ಧಿಗೆ ಗೊತ್ತಿದ್ದರೂ ಮೈ ನಿಜವೆಂದೇ ಬಗೆದು ಬೆವರುತ್ತದೆ. ಚಿಕಿತ್ಸೆ ನಿಂತಿರುವುದು ಈ ಬೆವರಿನ ಮೇಲೆ.

ಇದನ್ನು ಮೊದಲು ಕೆಲಸಕ್ಕೆ ಹಚ್ಚಿದ್ದು ಚಟಕ್ಕಲ್ಲ, ಭಯಕ್ಕೆ. ಎತ್ತರ ಕಂಡರೆ ಹೆದರುವ ವಿದ್ಯಾರ್ಥಿಗಳನ್ನು ಅಮೆರಿಕದ ಅಟ್ಲಾಂಟಾದಲ್ಲಿ ಬಾರ್ಬರಾ ರಾಥ್‌ಬಾಮ್ ಮತ್ತು ಲ್ಯಾರಿ ಹಾಡ್ಜಸ್ ತಂಡ ಗಣಕದೊಳಗಿನ ಗಾಜಿನ ಲಿಫ್ಟ್, ಸೇತುವೆ, ಬಾಲ್ಕನಿಗಳ ಮೇಲೆ ನಿಲ್ಲಿಸಿತು. ಭಯ ಇಳಿದುದನ್ನು 1995ರಲ್ಲಿ ವರದಿ ಮಾಡಿತು. ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಸುಟ್ಟಗಾಯಗಳ ರೋಗಿಗಳಿಗೆ ಡ್ರೆಸ್ಸಿಂಗ್ ವೇಳೆ ಹಿಮದ ಕಣಿವೆಯ ದೃಶ್ಯ ತೋರಿಸಿ ನೋವು ಕಡಿಮೆ ಮಾಡಿದರು. ಮುಂದೆ ಯುದ್ಧದಿಂದ ಮರಳಿದ ಸೈನಿಕರ ಮಾನಸಿಕ ಆಘಾತಕ್ಕೂ ಇದು ಬಳಕೆಯಾಯಿತು. ವ್ಯಸನದ ಸರದಿ ಬಂದದ್ದು 2000ದ ನಂತರ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಬಾರ್ಡ್ನಿಕ್ ಸಿಗರೇಟು, ಮದ್ಯ, ನಂತರ ಹೆರಾಯಿನ್ ವ್ಯಸನಿಗಳಿಗಾಗಿ ಪಾರ್ಟಿ ನಡೆಯುವ ಮನೆಗಳನ್ನು ಗಣಕದಲ್ಲಿ ಕಟ್ಟಿಸಿದರು. ದೃಶ್ಯ, ಸದ್ದುಗಳ ಜೊತೆಗೆ ವಾಸನೆಯನ್ನೂ ಕೋಣೆಯೊಳಗೆ ಹಾಯಿಸಿದಾಗ ಚಟದ ತುಡಿತ ನಿಜವಾಗಿಯೇ ಏಳುತ್ತದೆ ಎಂಬುದು ಇಂಥ ಪ್ರಯೋಗಗಳಿಂದ ಖಚಿತವಾಯಿತು.

ಚಿಕಿತ್ಸೆ ನಡೆಯುವ ಬಗೆ

ಮೊದಲ ಭೇಟಿಯಲ್ಲಿ ಹೆಡ್‌ಸೆಟ್ ಹೊರಗೆ ಬರುವುದೇ ಇಲ್ಲ. ಯಾವ ಹೊತ್ತಿಗೆ ಕುಡಿಯಬೇಕೆನಿಸುತ್ತದೆ, ಯಾರ ಜೊತೆ, ಜಗಳವಾದಾಗಲೋ ಕೂಲಿ ಸಿಕ್ಕಾಗಲೋ, ಒಬ್ಬರೇ ಇದ್ದಾಗಲೋ ಮದುವೆ ಮನೆಯಲ್ಲೋ ಎಂದು ಚಿಕಿತ್ಸಕರು ಒಂದೊಂದಾಗಿ ಕೇಳುತ್ತಾರೆ. ಉತ್ತರಗಳನ್ನು ಕಡಿಮೆ ಕಷ್ಟದಿಂದ ಹೆಚ್ಚು ಕಷ್ಟದ ಕಡೆಗೆ ಏಣಿಯ ಮೆಟ್ಟಿಲಾಗಿ ಜೋಡಿಸಲಾಗುತ್ತದೆ. ದೂರದಿಂದ ಅಂಗಡಿಯ ಬೋರ್ಡು ಕಾಣುವುದು ಕೆಳಗಿನ ಮೆಟ್ಟಿಲಾದರೆ, ಹಳೆಯ ಗೆಳೆಯ ತುಂಬಿದ ಗ್ಲಾಸು ಮುಂದೆ ಹಿಡಿಯುವುದು ಮೇಲಿನದು.

ಬಾರ್ಸಿಲೋನಾ ವಿಶ್ವವಿದ್ಯಾಲಯದಲ್ಲಿ ಹೋಸೆ ಗುತಿಯೆರೆಸ್ ಮಾಲ್ದೊನಾದೊ ಅವರ ತಂಡ ರೂಪಿಸಿದ 'ಆಲ್ಕೊ-ವಿಆರ್' ತಂತ್ರಾಂಶದಲ್ಲಿ ನಾಲ್ಕು ಜಾಗಗಳಿವೆ: ರೆಸ್ಟೊರೆಂಟ್, ಬಾರ್, ಪಬ್, ಮನೆ. ಯಾವ ಪಾನೀಯ ಮುಂದಿರಬೇಕು, ಯಾವ ಜಾಗ ಹೆಚ್ಚು ಕೆರಳಿಸುತ್ತದೆ ಎಂಬುದನ್ನು ರೋಗಿಯಿಂದಲೇ ತಿಳಿದು ದೃಶ್ಯಗಳ ಸರಣಿ ಸಿದ್ಧವಾಗುತ್ತದೆ.

ದೃಶ್ಯ ಶುರುವಾದ ಮೇಲೆ ಚಿಕಿತ್ಸಕರು ಪಕ್ಕದ ಪರದೆಯಲ್ಲಿ ಅದನ್ನೇ ನೋಡುತ್ತಿರುತ್ತಾರೆ. ನಿಮಿಷ ನಿಮಿಷಕ್ಕೆ ಒಂದೇ ಪ್ರಶ್ನೆ: 'ಈಗ ಆಸೆ ಎಷ್ಟಿದೆ?' ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ಎದೆಬಡಿತ, ಬೆರಳಿನ ಬೆವರು ಅಳೆಯುವ ಸಾಧನಗಳನ್ನೂ ಕೆಲವೆಡೆ ಜೋಡಿಸುತ್ತಾರೆ. ಅಂಕಿ ಎಂಟಕ್ಕೋ ಒಂಬತ್ತಕ್ಕೋ ಏರಿದಾಗ ಹೆಡ್‌ಸೆಟ್ ಕಿತ್ತುಕೊಳ್ಳುವುದಿಲ್ಲ. ಅಲ್ಲೇ ನಿಂತು ಉಸಿರು ನಿಧಾನಿಸಿ, ಆಸೆ ಏರುವುದನ್ನೂ ಇಳಿಯುವುದನ್ನೂ ಗಮನಿಸುವಂತೆ ಹೇಳಲಾಗುತ್ತದೆ. ತುಡಿತಕ್ಕೂ ಒಂದು ಆಯಸ್ಸಿದೆ. ಅದಕ್ಕೆ ಮಣಿಯದೆ ಕಾದರೆ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಬಹಳ ವರ್ಷ ಕುಡಿದವರಲ್ಲಿ ಅನೇಕರು ಅದು ತಾನಾಗಿ ಇಳಿಯುವವರೆಗೆ ಕಾದದ್ದೇ ಇರುವುದಿಲ್ಲ. ಇಳಿದದ್ದನ್ನು ಮೊದಲ ಸಲ ತನ್ನ ಮೈಯಲ್ಲೇ ಕಾಣುವುದು ಎಷ್ಟೋ ಬುದ್ಧಿಮಾತುಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಇನ್ನೊಂದು ಬಳಕೆ ಬೇಡವೆನ್ನುವ ತಾಲೀಮು. ಗೆಳೆಯ ಕರೆಯುತ್ತಾನೆ, ಒತ್ತಾಯಿಸುತ್ತಾನೆ, ಹಂಗಿಸುತ್ತಾನೆ. ಸಲಹೆ ಕೇಂದ್ರದ ಕುರ್ಚಿಯಲ್ಲಿ ಕೂತು 'ಬೇಡ ಅಂತೀನಿ' ಎನ್ನುವುದು ಸುಲಭ. ಎದುರಿಗೆ ನಿಂತವನ ಕಣ್ಣು ನೋಡುತ್ತಾ ಹೇಳುವುದು ಕಷ್ಟ. ಯಾವ ಮಾತು ಹೇಳಿ ಅಲ್ಲಿಂದ ಕಾಲು ಕೀಳಬೇಕು, ಯಾವ ದಾರಿಯಲ್ಲಿ ಮನೆಗೆ ಹೋಗಬೇಕು, ಯಾರಿಗೆ ಫೋನು ಮಾಡಬೇಕು ಎಂಬುದನ್ನು ಬಾಯಿಪಾಠವಾಗುವವರೆಗೆ ಮಾಡಿಸಲಾಗುತ್ತದೆ. ತಪ್ಪಿದರೆ ಇಲ್ಲಿ ಹೊಟ್ಟೆಗೆ ಮದ್ಯ ಹೋಗುವುದಿಲ್ಲ, ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಶುರು ಮಾಡಬಹುದು.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬ್ರ್ಯಾಂಡನ್ ಒಬರ್ಲಿನ್ ಹಿಡಿದ ದಾರಿ ಬೇರೆ. ಅಲ್ಲಿ ಬಾರ್ ಇಲ್ಲ. ವ್ಯಸನಿ ತನ್ನದೇ ಮುಂದಿನ ರೂಪಗಳಿಗೆ ಎದುರಾಗುತ್ತಾನೆ: ಚಟ ಮುಂದುವರಿಸಿ ಜರ್ಜರಿತವಾದ ತಾನು ಒಂದು ಕಡೆ, ಬಿಟ್ಟು ಚೇತರಿಸಿಕೊಂಡ ತಾನು ಇನ್ನೊಂದು ಕಡೆ. ಇವತ್ತಿನ ಸುಖದ ಮುಂದೆ ಹತ್ತು ವರ್ಷದಾಚೆಯ ಬದುಕು ಕಣ್ಣಿಗೇ ಬೀಳದಿರುವುದು ವ್ಯಸನದ ಲಕ್ಷಣಗಳಲ್ಲೊಂದು. ಆ ದೂರವನ್ನು ಹತ್ತಿರ ತರುವುದು ಈ ಪ್ರಯೋಗದ ಗುರಿ.

ಹಳೆಯ ನೆನಪು ಅಳಿಯುವುದಿಲ್ಲ

ಕುರುಹನ್ನು ಮತ್ತೆ ಮತ್ತೆ ತೋರಿಸಿ, ಮದ್ಯ ಕೊಡದೇ ಇದ್ದರೆ ತುಡಿತ ಸವೆಯಬೇಕು ಎಂಬ ವಿಚಾರ ವಿಆರ್‌ಗಿಂತ ಹಳೆಯದು. ಖಾಲಿ ಬಾಟಲಿ, ಸಿರಿಂಜು, ಫೋಟೊಗಳನ್ನು ಮುಂದಿಟ್ಟು ಆಸ್ಪತ್ರೆಗಳಲ್ಲಿ ಇದನ್ನು ದಶಕಗಳ ಹಿಂದೆಯೇ ಮಾಡಿ ನೋಡಿದ್ದರು. ಫಲ ಮಾತ್ರ ನಿರಾಸೆ ತರುವಂತಿತ್ತು. 2002ರಲ್ಲಿ ಸಿಂಥಿಯಾ ಕಾಂಕ್ಲಿನ್ ಮತ್ತು ಸ್ಟೀಫನ್ ಟಿಫನಿ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ವಿಧಾನ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದರು. ಏಕೆ ಹೀಗೆ ಎಂಬುದಕ್ಕೂ ಕಾರಣ ಹುಡುಕಿದರು.

ಉತ್ತರ ಪ್ರಾಣಿಗಳ ಕಲಿಕೆಯ ಪ್ರಯೋಗಾಲಯದಿಂದ ಬಂತು. ಮಾರ್ಕ್ ಬೌಟನ್ ತೋರಿಸಿದಂತೆ, ಒಮ್ಮೆ ಕಲಿತದ್ದು ಅಳಿಸಿಹೋಗುವುದಿಲ್ಲ. ಕುರುಹಿಗೂ ಮದ್ಯಕ್ಕೂ ಇದ್ದ ನಂಟು ಹಾಗೇ ಉಳಿದು, 'ಇಲ್ಲಿ ಕುರುಹು ಕಂಡರೂ ಮದ್ಯ ಬರುವುದಿಲ್ಲ' ಎಂಬ ಹೊಸ ಪಾಠ ಅದರ ಪಕ್ಕದಲ್ಲಿ ಸೇರಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ರೈತರಿಗೆ ಇದು ತಿಳಿಯದ ಸಂಗತಿಯಲ್ಲ: ಹೊಸ ಉಪಕಾಲುವೆ ತೋಡಿದ ಮಾತ್ರಕ್ಕೆ ಹಳೆಯದು ಮುಚ್ಚಿಹೋಗುವುದಿಲ್ಲ, ತೂಬು ಸಡಿಲವಾದರೆ ನೀರು ಹಳೆಯ ಪಾತ್ರದಲ್ಲೇ ಹರಿಯುತ್ತದೆ. ತೊಡಕು ಇರುವುದು 'ಇಲ್ಲಿ' ಎಂಬ ಮಾತಿನಲ್ಲಿ. ಹಳೆಯ ಪಾಠ ಎಲ್ಲ ಕಡೆಯೂ ನೆನಪಾಗುತ್ತದೆ. ಹೊಸ ಪಾಠ ಕಲಿತ ಜಾಗಕ್ಕೆ ಅಂಟಿಕೊಳ್ಳುತ್ತದೆ. ಬಿಳಿ ಗೋಡೆಯ ಆಸ್ಪತ್ರೆ ಕೋಣೆಯಲ್ಲಿ ಕಲಿತದ್ದು ಬಿಳಿ ಗೋಡೆಯ ಕೋಣೆಯಲ್ಲೇ ಉಳಿದುಬಿಡುತ್ತದೆ.

ವಿಆರ್ ಬಗ್ಗೆ ಸಂಶೋಧಕರು ಆಸೆ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಒಂದೇ ಕೋಣೆಯಲ್ಲಿ ಕೂತಿದ್ದರೂ ಬೀದಿ, ಬಾರ್, ಮದುವೆ ಚಪ್ಪರ, ಮನೆಯ ಅಂಗಳ ಹೀಗೆ ಹತ್ತು ಪರಿಸರಗಳಲ್ಲಿ ಹೊಸ ಪಾಠ ಕಲಿಸಬಹುದು. ಕಲಿತ ಜಾಗಗಳು ಹೆಚ್ಚಿದಷ್ಟೂ ಅದು ಊರಿನಲ್ಲಿ ನೆನಪಾಗುವ ಸಾಧ್ಯತೆಯೂ ಹೆಚ್ಚು.

ಸಾಕ್ಷ್ಯದ ತೂಕ

ದಕ್ಷಿಣ ಕೊರಿಯಾದ ಚುಂಗ್-ಆಂಗ್ ವಿಶ್ವವಿದ್ಯಾಲಯದ ಮನೋವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಲೋಕದ ಗಮನ ಸೆಳೆಯಿತು. ಮದ್ಯವ್ಯಸನಿಗಳಿಗೆ ಮೊದಲು ಒಂದು ವಾರ ಮೈಯಿಂದ ಮದ್ಯ ಇಳಿಸುವ ಚಿಕಿತ್ಸೆ. ನಂತರ ವಾರಕ್ಕೆರಡರಂತೆ ಐದು ವಾರ ವಿಆರ್. ದೃಶ್ಯಗಳು ಮೂರು ಬಗೆಯವು: ಮನಸ್ಸು ಹಗುರಾಗಿಸುವುದು ಒಂದು, ಸುತ್ತಲಿನವರು ಕುಡಿಯುತ್ತಿರುವ ಹೋಟೆಲ್ ಇನ್ನೊಂದು, ಕುಡಿದು ವಾಂತಿ ಮಾಡಿಕೊಳ್ಳುವವರ ನಡುವೆ ಸಿಕ್ಕಿಕೊಳ್ಳುವುದು ಮೂರನೆಯದು. ಚಿಕಿತ್ಸೆಯ ನಂತರ ತೆಗೆದ ಮಿದುಳಿನ ಸ್ಕ್ಯಾನ್‌ಗಳಲ್ಲಿ ಭಾವನೆ, ಬಯಕೆಗಳಿಗೆ ಸಂಬಂಧಿಸಿದ ಭಾಗಗಳ ಅತಿಯಾದ ಚಟುವಟಿಕೆ ತಗ್ಗಿತ್ತು.

ಆದರೆ ಆ ಅಧ್ಯಯನದಲ್ಲಿದ್ದ ರೋಗಿಗಳು 12 ಮಂದಿ ಮಾತ್ರ. ಈ ಕ್ಷೇತ್ರದ ಬಹುತೇಕ ಕೆಲಸಗಳ ಮಿತಿಯೂ ಇದೇ. ಭಾಗವಹಿಸಿದವರು ಕೆಲವೇ ಹತ್ತುಗಳಲ್ಲಿ, ಗಮನಿಸಿದ ಅವಧಿ ವಾರಗಳಲ್ಲೋ ತಿಂಗಳುಗಳಲ್ಲೋ. ವಿಆರ್ ದೃಶ್ಯಗಳು ತುಡಿತವನ್ನು ಕೆರಳಿಸುತ್ತವೆ ಎಂಬುದಕ್ಕೆ ಬಲವಾದ ಪುರಾವೆ ಇದೆ. ಕೆರಳಿದ ತುಡಿತವನ್ನು ತಗ್ಗಿಸಲು ಕಲಿಸಬಹುದು ಎಂಬುದಕ್ಕೂ ಒಳ್ಳೆಯ ಸೂಚನೆಗಳಿವೆ. ಅದರಿಂದ ವರ್ಷಾನುಗಟ್ಟಲೆ ಕುಡಿಯದೇ ಉಳಿಯುತ್ತಾರೆ ಎಂದು ಹೇಳುವಷ್ಟು ಆಧಾರ ಇನ್ನೂ ಒಟ್ಟಾಗಿಲ್ಲ. ದುಬಾರಿ ಬೆಲೆಗೆ 'ವಿಆರ್‌ನಿಂದ ಚಟ ಮುಕ್ತಿ ಗ್ಯಾರಂಟಿ' ಎನ್ನುವ ಜಾಹೀರಾತು ಕಂಡರೆ ನಂಬಬಾರದು.

ಬೇರೆ ರೋಗಗಳಲ್ಲಿ ವಿಆರ್ ಅಧಿಕೃತ ಮನ್ನಣೆಯ ಹಂತ ತಲುಪಿದೆ. 2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಬಹುಕಾಲದ ಸೊಂಟನೋವಿಗೆ ವೈದ್ಯರು ಬರೆದುಕೊಡಬಹುದಾದ ವಿಆರ್ ಚಿಕಿತ್ಸೆಯೊಂದಕ್ಕೆ ಅನುಮತಿ ಕೊಟ್ಟಿತು. ಜೂಜಿನ ಚಟಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಸ್ತೆಫಾನ್ ಬುಶಾರ್ ತಂಡ ಗಣಕದ ಜೂಜುಕಟ್ಟೆಗಳನ್ನು ನಿರ್ಮಿಸಿ ಪ್ರಯೋಗ ನಡೆಸಿದೆ. ಚೀನಾದ ಕಡ್ಡಾಯ ಪುನರ್ವಸತಿ ಕೇಂದ್ರಗಳಲ್ಲಿ ಮೆಥಾಂಫೆಟಮಿನ್ ವ್ಯಸನಿಗಳಿಗೆ ಇದನ್ನು ಬಳಸಲಾಗಿದೆ. ಒಪ್ಪಿಗೆ ಇಲ್ಲದೆ ಕೂಡಿಟ್ಟವರ ಕಣ್ಣಿಗೆ ದೃಶ್ಯ ಕಟ್ಟುವುದನ್ನು ಚಿಕಿತ್ಸೆ ಎಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ.

ಬಾರ್ಸಿಲೋನಾದ ಪಬ್ ಇಲ್ಲಿಗೆ ಸಲ್ಲದು

ಮಂದ ಬೆಳಕು, ಎತ್ತರದ ಕುರ್ಚಿ, ಕಾಂಡದ ಮೇಲೆ ನಿಂತ ವೈನ್ ಗ್ಲಾಸು. ಯುರೋಪಿನ ತಂತ್ರಾಂಶ ಕಟ್ಟಿಕೊಡುವ ಈ ದೃಶ್ಯ ಕಾರಟಗಿಯ ಹಮಾಲನಲ್ಲಿ ಯಾವ ಆಸೆಯನ್ನೂ ಕೆರಳಿಸಲಾರದು. ಆಸೆ ಕೆರಳದಿದ್ದರೆ ಕಲಿಯಲು ಏನೂ ಇರುವುದಿಲ್ಲ. ಆದ್ದರಿಂದ ಈ ಚಿಕಿತ್ಸೆ ಈ ಸೀಮೆಗೆ ಬರಬೇಕಾದರೆ ಯಂತ್ರಕ್ಕಿಂತ ಮೊದಲು ದೃಶ್ಯ ಸಿದ್ಧವಾಗಬೇಕು.

ಭಾರತದ ಕುಡಿತದ ರೀತಿಯೇ ಬೇರೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮನೋವೈದ್ಯ ವಿವೇಕ್ ಬೆನೆಗಲ್ 2005ರ ಲೇಖನವೊಂದರಲ್ಲಿ ವಿವರಿಸಿದಂತೆ, ಇಲ್ಲಿ ಬಿಯರು, ವೈನಿಗಿಂತ ವಿಸ್ಕಿ, ಬ್ರಾಂಡಿ, ರಮ್‌ಗಳದೇ ಸಿಂಹಪಾಲು. ಕುಡಿಯುವವರಲ್ಲಿ ಬಹಳ ಮಂದಿ ಕುಡಿಯುವುದು ಮತ್ತೇರಲೆಂದೇ. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಇದು ಕಾಣುವ ಪರಿ ಇನ್ನೂ ನಿರ್ದಿಷ್ಟ. ಪುಟ್ಟ ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು, ಉಪ್ಪಿನಕಾಯಿ ಚೀಟಿ. ಅಂಗಡಿಯ ಬದಿಯಲ್ಲಿ ನಿಂತೇ ಎರಡು ಗುಟುಕಿಗೆ ಮುಗಿಸಿ ಬಾಯಿ ಒರೆಸಿಕೊಳ್ಳುವುದು. ಇಲ್ಲವೇ ಕಾಲುವೆ ದಂಡೆಯಲ್ಲಿ ನಾಲ್ವರು ಕೂತು ಶೇಂಗಾ ಹರಡಿಕೊಳ್ಳುವುದು.

ಇಲ್ಲಿನ ಏಣಿಯ ಮೆಟ್ಟಿಲುಗಳೂ ಬೇರೆಯಾಗುತ್ತವೆ. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಮೈ ಮುರಿಯುವ ಕೆಲಸ. ಸಂಜೆಗೆ ಮೈಕೈ ನೋವೇ ಕುಡಿಯುವುದಕ್ಕೆ ನೆಪ. ಕಟಾವಿನಲ್ಲಿ ಕೈತುಂಬ ಕಾಸು. ಕಾಲುವೆ ಒಣಗಿ ಕೆಲಸವಿಲ್ಲದ ದಿನಗಳಲ್ಲಿ ಕಟ್ಟೆಯ ಮೇಲಿನ ಖಾಲಿ ಹೊತ್ತು. ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದಾಗ ಬೆಳೆಯ ಗತಿಯೇನೆಂದು ಇಡೀ ಸೀಮೆ ದಿಗಿಲುಬಿದ್ದಿತ್ತು. ಅಂಥ ಚಿಂತೆಯ ರಾತ್ರಿಗಳೂ ಕುರುಹುಗಳೇ. ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಚುನಾವಣೆಯ ವಾರ ಇವನ್ನಂತೂ ಬಿಡುವಂತೆಯೇ ಇಲ್ಲ.

ಇವನ್ನೆಲ್ಲ ಗಣಕದಲ್ಲಿ ಒಂದೊಂದಾಗಿ ಕಟ್ಟುವುದು ದುಬಾರಿ. ಸುತ್ತಲಿನ ಎಲ್ಲ ದಿಕ್ಕನ್ನೂ ಒಮ್ಮೆಲೇ ಸೆರೆಹಿಡಿಯುವ 360 ಡಿಗ್ರಿ ಕ್ಯಾಮೆರಾದಿಂದ ಚಿತ್ರೀಕರಿಸುವುದು ಅಗ್ಗದ ದಾರಿ. ಅಂಥ ಕ್ಯಾಮೆರಾವೂ ಸಾಧಾರಣ ಹೆಡ್‌ಸೆಟ್ಟೂ ಈಗ ಕೆಲವು ಹತ್ತು ಸಾವಿರ ರೂಪಾಯಿಗೆ ಸಿಗುತ್ತವೆ. ನಿಜವಾದ ಬಾರ್‌ನಲ್ಲಿ ಕೂತವರ ಮುಖಗಳನ್ನು ಅವರಿಗೆ ಹೇಳದೆ ಚಿತ್ರೀಕರಿಸುವುದು ಮಾತ್ರ ತಪ್ಪು. ಹವ್ಯಾಸಿ ನಾಟಕದವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಅವರಿಂದಲೇ ದೃಶ್ಯ ಆಡಿಸಿದರೆ 'ಬಾರಲೇ' ಎಂಬ ಕರೆ ಈ ನೆಲದ ದನಿಯಲ್ಲೇ ಕೇಳುತ್ತದೆ.

ಸಣ್ಣ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಆಸೆ ಹತ್ತಕ್ಕೆ ಎಷ್ಟು ಎಂದರೆ ಓದದ ಹಿರಿಯರು ತಡವರಿಸಬಹುದು. ನಾಲ್ಕಾಣೆ, ಎಂಟಾಣೆ, ಹದಿನಾರಾಣೆ ಎಂದರೆ ಥಟ್ಟನೆ ಹೇಳುತ್ತಾರೆ. ಮಿರ್ಚಿ ಕರಿದ ಎಣ್ಣೆಯ ವಾಸನೆಯನ್ನು ಯಾವ ಹೆಡ್‌ಸೆಟ್ಟೂ ಕೊಡಲಾರದು, ಪಕ್ಕದಲ್ಲಿ ಒಂದು ತಟ್ಟೆ ಬಿಸಿ ಮಿರ್ಚಿ ಇಟ್ಟರೆ ಸಾಕು.

ಈ ನೆಲದಲ್ಲಿ ಆಗಿರುವ ಕೆಲಸ

ಚಟ ಬಿಡಿಸುವ ಪ್ರಯತ್ನ ಈ ಭಾಗಕ್ಕೆ ಹೊಸತಲ್ಲ. ಕುಷ್ಟಗಿಯ ನೆರೆಯ ಇಳಕಲ್ಲಿನ ಮಹಾಂತ ಶಿವಯೋಗಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಸು, ಕಾಳು ಬೇಡಲಿಲ್ಲ. ದುಶ್ಚಟಗಳನ್ನು ಜೋಳಿಗೆಗೆ ಹಾಕಿ ಎಂದು ಕೇಳಿದರು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆ ರಾಜ್ಯದಾದ್ಯಂತ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ಮತ್ತೆ ಸೇರಲು ಊರಿನಲ್ಲೇ ನವಜೀವನ ಸಮಿತಿಗಳನ್ನು ಕಟ್ಟುವುದು ಅದರ ಜಾಣ್ಮೆ. ಬಿಟ್ಟವರು ಊರಿನಲ್ಲಿ ಒಂಟಿಯಾಗಬಾರದು ಎಂಬ ತಿಳಿವಳಿಕೆ ಅದರಲ್ಲಿದೆ.

ಸಾರಾಯಿ 2007ರ ಜುಲೈನಿಂದ ರಾಜ್ಯದಲ್ಲಿ ಬಂದಾಯಿತು. ಕುಡಿತ ಬಂದಾಗಲಿಲ್ಲ, ಅಗ್ಗದ ವಿಸ್ಕಿ ಆ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಆಗ್ರಹಿಸಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಕುಡಿತದ ಹೊರೆ ಹೊತ್ತಿರುವವರು ಯಾರೆಂದು ಆ ಕಾಲ್ನಡಿಗೆ ನಾಡಿಗೆ ತೋರಿಸಿತು. ಹೆಡ್‌ಸೆಟ್ ಒಬ್ಬ ವ್ಯಕ್ತಿಯ ತುಡಿತಕ್ಕೆ ಮದ್ದು ಹುಡುಕಬಲ್ಲದು. ಬೀದಿಗೆ ಎಷ್ಟು ಅಂಗಡಿ ಇರಬೇಕೆಂಬುದನ್ನು ಅದು ತೀರ್ಮಾನಿಸಲಾರದು.

ಸರ್ಕಾರಿ ಮನೋವೈದ್ಯಕೀಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದ್ದು ನೆರೆಯ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ರೋಗಿ ದೂರದ ಆಸ್ಪತ್ರೆಗೆ ಅಲೆಯದಂತೆ ಮಾಡಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಇದು 1996ರಿಂದ ರಾಷ್ಟ್ರೀಯ ಕಾರ್ಯಕ್ರಮವಾಯಿತು. ವಿಆರ್ ಹಳ್ಳಿಗಾಡಿಗೆ ಬರಬೇಕಾದರೆ ಇದಕ್ಕಿಂತ ಒಳ್ಳೆಯ ಅಡಿಪಾಯ ಸಿಗದು. ಹೆಡ್‌ಸೆಟ್ ಚೀಲದಲ್ಲಿ ಹಿಡಿಯುತ್ತದೆ. ಅದನ್ನು ಕಟ್ಟಿ, ಪಕ್ಕದಲ್ಲಿ ಕೂತು, 'ಈಗ ಎಷ್ಟಿದೆ' ಎಂದು ಕೇಳಬಲ್ಲ ತರಬೇತಾದ ಆಪ್ತಸಮಾಲೋಚಕರೇ ನಿಜವಾಗಿ ಬೇಕಾದವರು.

ಅಂಥವರ ಕೊರತೆ ಎಷ್ಟೆಂಬುದಕ್ಕೆ ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಕನ್ನಡಿ ಹಿಡಿಯಿತು. ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5 ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಮೊದಲು ಮೈ, ಆಮೇಲೆ ಮನಸ್ಸು

ವಿಆರ್ ಎಂದೂ ಮೊದಲ ಚಿಕಿತ್ಸೆಯಲ್ಲ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಕೆಲವರಿಗೆ ಮೊದಲೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದಿಂದ ದಿಕ್ಕು ತಪ್ಪಿ, ಇಲ್ಲದ್ದನ್ನು ಕಂಡು ಕೂಗಾಡುವ ಸನ್ನಿ ಹತ್ತಬಹುದು. ಅದು ಜೀವಕ್ಕೆ ಅಪಾಯ. 'ಮನೆಯಲ್ಲಿ ಕೂಡಿಹಾಕಿ ಬಿಡಿಸಿದೆವು' ಎನ್ನುವ ಹಟ ಇಂಥವರಲ್ಲಿ ಪ್ರಾಣ ತೆಗೆದೀತು. ವೈದ್ಯರ ನಿಗಾದಲ್ಲಿ ನಡುಕ ತಗ್ಗಿಸುವ ಮಾತ್ರೆ, ಥಯಾಮಿನ್ ಜೀವಸತ್ವ ಕೊಟ್ಟು ಮದ್ಯ ಇಳಿಸಬೇಕು. ಆಮೇಲೆ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳು, ಆಪ್ತಸಮಾಲೋಚನೆ, ಮನೆಯವರ ಜೊತೆ ಮಾತುಕತೆ. ವಿಆರ್‌ಗೆ ಜಾಗವಿರುವುದು ಇವುಗಳ ಜೊತೆಯಲ್ಲಿ.

ಮೂರ್ಛೆ ರೋಗವಿರುವವರು, ಭ್ರಮೆಗಳಿಂದ ನರಳುವವರು, ಬೇಗ ತಲೆಸುತ್ತು ಬರುವವರು ಹೆಡ್‌ಸೆಟ್ ಧರಿಸುವ ಮೊದಲು ವೈದ್ಯರಿಗೆ ಹೇಳಲೇಬೇಕು. ತುಡಿತ ಕೆರಳಿಸಿದ ಮೇಲೆ ಅದು ಪೂರ್ತಿ ಇಳಿಯುವವರೆಗೆ ಯಾರನ್ನೂ ಮನೆಗೆ ಕಳಿಸಬಾರದು. ಯೂಟ್ಯೂಬಿನಲ್ಲಿ ಸಿಗುವ ಬಾರ್ ದೃಶ್ಯಗಳನ್ನು ಹಾಕಿಕೊಂಡು ಮನೆಯಲ್ಲೇ ಪ್ರಯೋಗಕ್ಕಿಳಿಯುವುದು ಅಪಾಯದ ಕೆಲಸ. ಮೊಬೈಲ್ ಆಟಗಳ ಚಟಕ್ಕೆ ಬಿದ್ದ ಮಕ್ಕಳಿಗೆ ಈ ಉಪಕರಣ ಬಳಸುವಾಗ ಇನ್ನಷ್ಟು ಎಚ್ಚರ ಬೇಕು; ಅವರ ಪಾಲಿಗೆ ಅದು ಇನ್ನೊಂದು ಆಟದ ಸಾಮಾನು. ಅಂಥ ಮಕ್ಕಳಿಗಾಗಿ ನಿಮ್ಹಾನ್ಸ್ 2014ರಲ್ಲೇ 'ಶಟ್ ಕ್ಲಿನಿಕ್' ತೆರೆದಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕಗಳ ದುರ್ಬಳಕೆಯಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸಿದೆ. ರೋಗಿಯ ಒಪ್ಪಿಗೆ, ಗೌಪ್ಯತೆ ಆತನ ಹಕ್ಕು. ಹೆಡ್‌ಸೆಟ್ ದಾಖಲಿಸುವ ಕಣ್ಣೋಟ, ಎದೆಬಡಿತ, ಆಸೆಯ ಅಂಕಿಗಳಿಗೂ ಆ ಗೌಪ್ಯತೆ ಸಲ್ಲಬೇಕು.

ಸದ್ಯಕ್ಕೆ ನೆರವು ಸಿಗುವ ಕಡೆ

ವಿಆರ್‌ಗಾಗಿ ಕಾಯುತ್ತ ಕೂರಬೇಕಾದ ಅಗತ್ಯ ಯಾರಿಗೂ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಯಾವ ವಾರ, ಎಷ್ಟು ಹೊತ್ತಿಗೆ ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ತಿಳಿಯಬಹುದು. ಕೊಪ್ಪಳದ ಜಿಲ್ಲಾ ಆಸ್ಪತ್ರೆ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇವೆ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಲು ಟೆಲಿ ಮಾನಸ್ ಸಹಾಯವಾಣಿ 14416. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಕರೆ ಉಚಿತ; ಕುಡಿಯುವವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.